ಪಿಟಿಪಿಎನ್22 ಜೀನು ಮತ್ತು ಟೈಪ್ 1 ಸಕ್ಕರೆ ಕಾಯಿಲೆ: ನೀವು ಕೇಳಿದ್ದು, ನಾವು ಹೇಳೋದು

ಟೈಪ್ 1 ಡಯಾಬಿಟಿಸ್ ಬಗ್ಗೆ ಏನು ಬೇಕಾದ್ರೂ ಕೇಳಿ ಅಂದಿದ್ವಿ. ಈ ಸಲ ಬಂದ ಪತ್ರಗಳಲ್ಲಿ ಸುಮಾರು ಜನ ಒಂದೇ ಜೀನಿನ ಹೆಸರು ಹಿಡಕೊಂಡು ಕೇಳಿದೀರಿ, ಪಿಟಿಪಿಎನ್22 ಅಂತ. ಕೆಲವ್ರು ಹೆದರಿದೀರಿ, ಕೆಲವ್ರಿಗೆ ಕುತೂಹಲ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದೀವಿ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಒಂಬತ್ತು ವರ್ಷ, ಟೈಪ್ 1 ಅಂತ ಗೊತ್ತಾಗಿ ಇನ್ಸುಲಿನ್ ತಗೋತಾ ಇದಾಳೆ. ಯಾರೋ ಹೇಳಿದ್ರು ಅಂತ ಜೀನ್ ಟೆಸ್ಟ್ ಮಾಡಿಸಿದ್ವಿ, ಅದ್ರಲ್ಲಿ ಪಿಟಿಪಿಎನ್22 ಜೀನಲ್ಲಿ ಒಂದು ಅಕ್ಷರ ಬದಲಾಗಿದೆ ಅಂತ ಬಂದಿದೆ. ಆಮೇಲೆ ನಾನೂ ಟೆಸ್ಟ್ ಮಾಡಿಸಿದೆ, ನನ್ನಲ್ಲೂ ಅದೇ ಇದೆ. ಈಗ ಮನೇಲಿ ‘ಕಾಯಿಲೆ ನಿನ್ನಿಂದಾನೇ ಬಂದಿದ್ದು’ ಅಂತಾರೆ. ಈ ಜೀನು ಮಾಡೋದಾದ್ರೂ ಏನು?

ಉತ್ತರ: ಮೊದಲು ಮನೆಯವ್ರಿಗೆ ಓದಿ ಹೇಳೋಕೆ ಒಂದು ಮಾತು ಬರೀತೀನಮ್ಮ. ಮಗಳಿಗೆ ಕಾಯಿಲೆ ಬಂದಿದ್ದು ನಿಮ್ಮಿಂದ ಅಲ್ಲ. ಆ ಬದಲಾವಣೆ ನಿಮ್ಮಲ್ಲೂ ಇದೆ ಅಂತ ನೀವೇ ಬರೆದಿದೀರಿ, ಆದ್ರೆ ನಿಮಗೆ ಟೈಪ್ 1 ಇಲ್ವಲ್ಲ. ಅದೊಂದ್ರಿಂದಾನೇ ಕಾಯಿಲೆ ಬರೋದಾಗಿದ್ರೆ ನಿಮಗೆ ಮೊದಲು ಬರಬೇಕಿತ್ತು.

ಈಗ ಜೀನಿನ ವಿಷಯ. ಇದು ಇರೋದು ಒಂದನೇ ಕ್ರೋಮೋಸೋಮಿನ ಮೇಲೆ, ಇದ್ರಿಂದ ತಯಾರಾಗೋದು ಲಿಪ್ ಅನ್ನೋ ಒಂದು ಕಿಣ್ವ, ಅಂದ್ರೆ ಎನ್‌ಜೈಮು, 807 ಅಮೈನೋ ಆಸಿಡ್ ಉದ್ದದ್ದು. ಇದು ಇನ್ಸುಲಿನ್ ಮಾಡೋ ಎನ್‌ಜೈಮ್ ಅಲ್ಲ, ಸಕ್ಕರೆ ಕರಗಿಸೋದೂ ಅಲ್ಲ. ಇನ್ಸುಲಿನ್ ಹುಟ್ಟೋದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ, ಈ ಜೀನು ಕೆಲಸ ಮಾಡೋದು ಅಲ್ಲಲ್ಲ, ಬಿಳಿ ರಕ್ತಕಣಗಳಲ್ಲಿ, ಅದ್ರಲ್ಲೂ ಟಿ ಕೋಶ, ಬಿ ಕೋಶ ಅಂತೀವಲ್ಲ ರೋಗನಿರೋಧಕ ಕೋಶಗಳು, ಅವುಗಳ ಒಳಗೆ. ಜೀನಿನ ಪಟ್ಟಿಯಲ್ಲಿ ನಾನು ಮೊದಲು ನೋಡೋದೇ ಇದನ್ನ, ಯಾಕಂದ್ರೆ ಟೈಪ್ 1 ಅಂದ್ರೆ ಸಕ್ಕರೆ ಜಾಸ್ತಿ ತಿಂದಿದ್ದಕ್ಕೆ ಬರೋ ಕಾಯಿಲೆ ಅಂತ ಇನ್ನೂ ಎಷ್ಟೋ ಜನ ನಂಬಿದಾರೆ, ಆದ್ರೆ ಅದ್ರ ಜೊತೆ ಗಟ್ಟಿಯಾಗಿ ತಳಕು ಹಾಕ್ಕೊಂಡಿರೋ ಜೀನುಗಳಲ್ಲಿ ಹೆಚ್ಚಿನವು ರೋಗನಿರೋಧಕ ವ್ಯವಸ್ಥೆಯವು. ಮೈಯನ್ನ ಕಾಯಬೇಕಾದ ಟಿ ಕೋಶಗಳು ಬೀಟಾ ಕೋಶಗಳನ್ನೇ ಹೊರಗಿನವು ಅಂತ ತಿಳಕೊಂಡು ಕೊಲ್ಲೋದು, ಅದೇ ಟೈಪ್ 1.

ಟಿ ಕೋಶದ ಮೇಲ್ಮೈ ಮೇಲೆ ಒಂದು ರಿಸೆಪ್ಟರ್ ಇರತ್ತೆ. ಅದಕ್ಕೆ ಏನಾದ್ರೂ ಬಂದು ಅಂಟಿಕೊಂಡಾಗ ಆ ಸುದ್ದಿ ಕೋಶದ ಒಳಗೆ ಹೋಗಬೇಕು. ಹೋಗೋದು ಹೇಗೆ ಅಂದ್ರೆ ಎಲ್‌ಸಿಕೆ, ಜ್ಯಾಪ್70 ಅನ್ನೋ ಎನ್‌ಜೈಮುಗಳು ಪಕ್ಕದ ಪ್ರೋಟೀನುಗಳಲ್ಲಿರೋ ಟೈರೋಸಿನ್ ಅನ್ನೋ ಜಾಗಕ್ಕೆ ಒಂದೊಂದು ಫಾಸ್ಫೇಟ್ ಅಂಟಿಸ್ತಾ ಹೋಗ್ತವೆ. ಫಾಸ್ಫೇಟ್ ಅಂಟಿದ್ರೆ ಸಂಕೇತ ಮುಂದಕ್ಕೆ ಹೋಗತ್ತೆ, ಕೋಶ ಎಚ್ಚರ ಆಗತ್ತೆ, ವಿಭಜನೆ ಆಗತ್ತೆ, ದಾಳಿಗೆ ಸಿದ್ಧ ಆಗತ್ತೆ. ನಮ್ಮ ಲಿಪ್ ಮಾಡೋದು ಇದಕ್ಕೆ ಉಲ್ಟಾ ಕೆಲಸ. ಎಲ್‌ಸಿಕೆ ಮತ್ತು ಜ್ಯಾಪ್70ಗೆ ಅಂಟಿರೋ, ಅವನ್ನ ಚುರುಕು ಮಾಡೋ ಫಾಸ್ಫೇಟುಗಳನ್ನ ಕಿತ್ತು ತೆಗೆದು ಸಂಕೇತನ ತಗ್ಗಿಸತ್ತೆ. ಗಾಡಿಗೆ ಬ್ರೇಕ್ ಇದ್ದ ಹಾಗೆ ಅಂತ ಇಟ್ಕೊಳಿ, ಬ್ರೇಕ್ ಇರೋದ್ರಿಂದಾನೇ ಗಾಡಿನ ಧೈರ್ಯವಾಗಿ ಓಡಿಸಬಹುದು.

ನಿಮ್ಮ ರಿಪೋರ್ಟಲ್ಲಿ ಬರೆದಿರೋ ಬದಲಾವಣೆ ಬಹುಶಃ 1858ನೇ ಅಕ್ಷರದ್ದು. ಅಲ್ಲಿ ಸಿ ಇರೋ ಕಡೆ ಟಿ ಬಂದಿರತ್ತೆ, ಅಷ್ಟೇ. ಅದ್ರಿಂದ ಎನ್‌ಜೈಮಿನ 620ನೇ ಜಾಗದಲ್ಲಿ ಆರ್ಜಿನಿನ್ ಬದಲು ಟ್ರಿಪ್ಟೋಫಾನ್ ಕೂರತ್ತೆ, ಇದನ್ನೇ ರಿಪೋರ್ಟಲ್ಲಿ ಆರ್620ಡಬ್ಲ್ಯೂ ಅಂತ ಬರೀತಾರೆ. ಲಿಪ್ ಜೊತೆಗೆ ಸಿಎಸ್‌ಕೆ ಅನ್ನೋ ಇನ್ನೊಂದು ಎನ್‌ಜೈಮು ಜೋಡಿಯಾಗಿ ಕೆಲಸ ಮಾಡತ್ತೆ, ಇಬ್ಬರೂ ಕೈ ಹಿಡಿಯೋ ಜಾಗ ಇದೇ. ಟ್ರಿಪ್ಟೋಫಾನ್ ಬಂದ್ರೆ ಆ ಹಿಡಿತ ಸಡಿಲ ಆಗತ್ತೆ. ಇದಕ್ಕೂ ಟೈಪ್ 1ಗೂ ನಂಟಿದೆ ಅಂತ ಮೊದಲು ತೋರಿಸಿದ್ದು 2004ರಲ್ಲಿ, ನುಂಜಿಯೋ ಬೊಟ್ಟಿನಿ ಮತ್ತು ಅವ್ರ ಜೊತೆಗಾರರು, ಉತ್ತರ ಅಮೆರಿಕದ ಮತ್ತು ಇಟಲಿಗೆ ಸೇರಿದ ಸಾರ್ಡೀನಿಯಾ ದ್ವೀಪದ ರೋಗಿಗಳನ್ನ ನೋಡಿ. ಆಮೇಲೆ ಎಷ್ಟೋ ಕಡೆ ಮತ್ತೆ ಮತ್ತೆ ಪರೀಕ್ಷೆ ಆಗಿ ಅದು ನಿಜ ಅಂತಾನೇ ಬಂದಿದೆ.

ಆದ್ರೆ ನಂಟಿನ ಗಾತ್ರ ಎಷ್ಟು ಅಂತ ನೋಡಿ. ಒಂದು ಪ್ರತಿ ಇದ್ರೆ, ಅಂದ್ರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದ್ರೆ, ಅಪಾಯ ಸುಮಾರು ಎರಡು ಪಟ್ಟು. ಎರಡು ಪಟ್ಟು ಅಂದಾಕ್ಷಣ ಎದೆ ಧಸಕ್ ಅನ್ನತ್ತೆ, ಗೊತ್ತು. ಯುರೋಪ್ ಮೂಲದ ಜನರಲ್ಲಿ ಸಾವಿರಕ್ಕೆ ಸುಮಾರು ನಾಲ್ಕು ಜನಕ್ಕೆ ಟೈಪ್ 1 ಬರತ್ತೆ ಅಂತ ಲೆಕ್ಕ, ಅದನ್ನ ಎರಡು ಪಟ್ಟು ಮಾಡಿದ್ರೆ ಎಂಟು. ಅಂದ್ರೆ ಈ ಬದಲಾವಣೆ ಇರೋ ಸಾವಿರ ಜನರಲ್ಲಿ ತೊಂಬತ್ತೊಂಬತ್ತು ಪರ್ಸೆಂಟಿಗೂ ಹೆಚ್ಚು ಜನಕ್ಕೆ ಟೈಪ್ 1 ಬರೋದೇ ಇಲ್ಲ. ಉತ್ತರ ಯುರೋಪಲ್ಲಂತೂ ಸುಮಾರು ಐದು ಜನರಲ್ಲಿ ಒಬ್ಬರ ಹತ್ರ ಇದು ಇದೆ, ಅವ್ರಲ್ಲಿ ಬಹುಪಾಲು ಜನ ಟೈಪ್ 1 ಇಲ್ದೇ ಆರಾಮಾಗಿ ಇದಾರೆ. ನಿಮ್ಮ ಮಗಳಿಗೆ ಬರಬೇಕಾದ್ರೆ ಬೇರೆ ಎಷ್ಟೋ ಜೀನುಗಳು, ಅಪ್ಪನ ಕಡೆಯವೂ ಅಮ್ಮನ ಕಡೆಯವೂ, ಅದ್ರ ಜೊತೆ ಹೊರಗಿನ ಏನೋ ಒಂದು ಕಾರಣ, ಎಲ್ಲ ಸೇರಿರಬೇಕು. ಒಂದೇ ಥರದ ಅವಳಿಗಳಲ್ಲಿ, ಅಂದ್ರೆ ಜೀನುಗಳೆಲ್ಲ ಒಂದೇ ಇರೋರಲ್ಲೂ, ಒಬ್ಬರಿಗೆ ಟೈಪ್ 1 ಬಂದ್ರೆ ಇನ್ನೊಬ್ಬರಿಗೆ ಬಂದೇ ಬರತ್ತೆ ಅಂತಿಲ್ಲ. ದಯವಿಟ್ಟು ಆ ರಿಪೋರ್ಟ್ ಹಿಡಕೊಂಡು ಯಾರೂ ನಿಮ್ಮನ್ನ ನೋಯಿಸೋಕೆ ಬಿಡಬೇಡಿ, ಮಗಳ ಎದುರಿಗಂತೂ ಆ ಮಾತು ಬರಲೇಬಾರದು.

ಪ್ರಶ್ನೆ: ಸರ್, ನಾನು ಎಂಎಸ್ಸಿ ಓದ್ತಾ ಇದೀನಿ. ಒಂದು ಕಡೆ ಈ ಬದಲಾವಣೆಯಿಂದ ಎನ್‌ಜೈಮು ಜಾಸ್ತಿ ಕೆಲಸ ಮಾಡತ್ತೆ ಅಂತ ಇದೆ, ಇನ್ನೊಂದು ಕಡೆ ಕಮ್ಮಿ ಆಗತ್ತೆ ಅಂತ ಇದೆ. ಪರೀಕ್ಷೇಲಿ ಯಾವ್ದು ಬರೀಲಿ?

ಉತ್ತರ: ಎರಡನ್ನೂ ಬರೀರಿ, ಯಾಕೆ ಎರಡು ಅಂತಾನೂ ಬರೀರಿ. ಇಡೀ ವಿಷಯದಲ್ಲಿ ನಂಗೆ ಅತಿ ಇಷ್ಟವಾದ ಪ್ರಶ್ನೆ ಇದು.

2005ರಲ್ಲಿ ಮನುಷ್ಯರ ಟಿ ಕೋಶಗಳನ್ನ ನೋಡಿದೋರು ಹೇಳಿದ್ದು, ಈ ಬದಲಾವಣೆ ಇರೋ ಲಿಪ್ ಜಾಸ್ತಿ ಚುರುಕು, ಹಾಗಾಗಿ ಟಿ ಕೋಶದ ಸಂಕೇತ ಇನ್ನೂ ಮಂದ ಆಗತ್ತೆ, ಟಿ ಕೋಶಗಳನ್ನ ಬೆಳೆಸೋ ಇಂಟರ್‌ಲ್ಯೂಕಿನ್ 2 ಅನ್ನೋ ಪ್ರೋಟೀನು ಕಮ್ಮಿ ಬರತ್ತೆ ಅಂತ. ಕೇಳಿದ್ರೆ ವಿಚಿತ್ರ ಅನ್ಸತ್ತೆ, ಸಂಕೇತ ಮಂದ ಆದ್ರೆ ದಾಳಿ ಕಮ್ಮಿ ಆಗಬೇಕಲ್ವಾ, ಆಟೋಇಮ್ಯೂನ್ ಕಾಯಿಲೆ, ಅಂದ್ರೆ ಮೈಯ ರೋಗನಿರೋಧಕ ಶಕ್ತಿ ಮೈ ಮೇಲೇ ದಾಳಿ ಮಾಡೋ ಕಾಯಿಲೆ, ಜಾಸ್ತಿ ಆಗೋದು ಹೇಗೆ? ಇದಕ್ಕೆ ಕೊಡೋ ವಿವರಣೆ ಚೆನ್ನಾಗಿದೆ. ಟಿ ಕೋಶಗಳು ಥೈಮಸ್ ಗ್ರಂಥೀಲಿ ಬೆಳೀವಾಗ ಅವಕ್ಕೆ ಒಂದು ಪರೀಕ್ಷೆ ಇರತ್ತೆ, ನಮ್ಮದೇ ಮೈಯ ಪ್ರೋಟೀನಿಗೆ ಜೋರಾಗಿ ಅಂಟಿಕೊಳ್ಳೋ ಕೋಶ ಅಲ್ಲೇ ಸಾಯಬೇಕು. ಜೋರಾಗಿ ಅಂಟಿದೆ ಅಂತ ಗೊತ್ತಾಗೋದೇ ಆ ಒಳಗಿನ ಸಂಕೇತದಿಂದ. ಸಂಕೇತ ಮಂದ ಆಗಿಬಿಟ್ರೆ ಸಾಯಬೇಕಾದ ಕೋಶ ಪಾಸಾಗಿ ಹೊರಗೆ ಬಂದುಬಿಡತ್ತೆ. ಅದೂ ಅಲ್ದೆ ದಾಳಿನ ತಡೆಯೋ ರೆಗ್ಯುಲೇಟರಿ ಟಿ ಕೋಶಗಳಿಗೂ ಇದೇ ಸಂಕೇತ ಬೇಕು, ಅವೂ ಸೊರಗಬಹುದು.

ಆಮೇಲೆ 2011ರಲ್ಲಿ ಇನ್ನೊಂದು ತಂಡ ಇಲಿಗಳ ಜೀನಲ್ಲೇ ಇದೇ ಬದಲಾವಣೆ ಮಾಡಿ ನೋಡಿದಾಗ ಕಂಡಿದ್ದು ಬೇರೆ: ಬದಲಾದ ಪ್ರೋಟೀನು ಬೇಗ ಒಡೆದುಹೋಗತ್ತೆ, ಕೋಶದಲ್ಲಿ ಅದ್ರ ಪ್ರಮಾಣಾನೇ ಕಮ್ಮಿ, ಹಾಗಾಗಿ ಟಿ ಕೋಶಗಳು ಜಾಸ್ತಿ ಉದ್ರೇಕ ಆಗ್ತವೆ ಅಂತ. ಅದೇ ವರ್ಷ ಮನುಷ್ಯರ ಬಿ ಕೋಶಗಳ ಮೇಲೆ ಕೆಲಸ ಮಾಡಿದೋರು, ಈ ಬದಲಾವಣೆ ಇರೋರಲ್ಲಿ ನಮ್ಮ ಮೈಯನ್ನೇ ಗುರುತು ಹಿಡಿಯೋ ಬಿ ಕೋಶಗಳು ಜರಡಿ ದಾಟಿ ಜಾಸ್ತಿ ಉಳಕೊಳ್ತವೆ ಅಂತ ತೋರಿಸಿದ್ರು. ಇದು ಕಾಯಿಲೆ ಇಲ್ಲದ ಆರೋಗ್ಯವಂತರಲ್ಲೂ ಕಂಡಿದ್ದು ಅನ್ನೋದು ಮುಖ್ಯ, ಅಂದ್ರೆ ಕಾಯಿಲೆ ಬಂದ ಮೇಲೆ ಆದ ಬದಲಾವಣೆ ಅಲ್ಲ ಅದು. 2013ರಲ್ಲಿ ಮತ್ತೊಂದು ಗುಂಪು ಹೇಳಿದ್ದು, ವೈರಸ್ಸಿಗೆ ಉತ್ತರ ಕೊಡೋ ಟೈಪ್ 1 ಇಂಟರ್‌ಫೆರಾನ್ ತಯಾರಾಗೋಕೂ ಲಿಪ್ ಬೇಕು, ಬದಲಾದ ಲಿಪ್ ಅದನ್ನ ಸರಿಯಾಗಿ ಮಾಡಲ್ಲ ಅಂತ.

ನನ್ನ ಅಭಿಪ್ರಾಯ ಕೇಳಿದ್ರೆ ಜಾಸ್ತಿ ಕಮ್ಮಿ ಅನ್ನೋ ಜಗಳಾನೇ ಸರಿಯಾದ ಜಗಳ ಅಲ್ಲ. ಇದು ಪ್ರೋಟೀನು ಕೈ ಹಿಡಿಯೋ ಜಾಗದಲ್ಲಿ ಆದ ಬದಲಾವಣೆ, ಫಾಸ್ಫೇಟ್ ಕೀಳೋ ಜಾಗದಲ್ಲಿ ಆಗಿದ್ದಲ್ಲ. ಹಾಗಾಗಿ ಯಾವ ಕೋಶ, ಆ ಕೋಶದಲ್ಲಿ ಜೊತೆಗೆ ಯಾರಿದಾರೆ, ಯಾವ ವಯಸ್ಸಲ್ಲಿ ನೋಡಿದ್ರಿ, ಇಲಿಯೋ ಮನುಷ್ಯನೋ, ಇದ್ರ ಮೇಲೆ ಫಲಿತಾಂಶ ಬದಲಾಗತ್ತೆ. ನೀವು ಉತ್ತರದಲ್ಲಿ ಸಿಎಸ್‌ಕೆ ಹಿಡಿತ ತಪ್ಪೋದನ್ನ ಮೊದಲು ಬರೆದು ಆಮೇಲೆ ಇವನ್ನೆಲ್ಲ ಬರೀರಿ, ಓದಿದೋರಿಗೆ ನಿಮಗೆ ವಿಷಯ ಗೊತ್ತಿದೆ ಅಂತ ಗೊತ್ತಾಗತ್ತೆ. ಹಾಗೇ ಪಿಟಿಪಿಎನ್2 ಅಂತ ಇನ್ನೊಂದು ಜೀನಿದೆ, ಅದೂ ಫಾಸ್ಫೇಟ್ ತೆಗೆಯೋ ಎನ್‌ಜೈಮೇ, ಟೈಪ್ 1ಗೂ ನಂಟಿದೆ, ಆದ್ರೆ ಅದು ಬೀಟಾ ಕೋಶದ ಒಳಗೂ ಕೆಲಸ ಮಾಡತ್ತೆ. ಎರಡನ್ನೂ ಕಲಸಿಬಿಡಬೇಡಿ, ತುಂಬಾ ಹುಡುಗ್ರು ಅಲ್ಲೇ ಮಾರ್ಕ್ಸ್ ಕಳಕೊಳ್ಳೋದು.

ಪ್ರಶ್ನೆ: ನನಗೆ ಗ್ರೇವ್ಸ್ ಥೈರಾಯ್ಡ್, ಚಿಕ್ಕಮ್ಮನಿಗೆ ತೊನ್ನು, ಅಣ್ಣನ ಮಗನಿಗೆ ಟೈಪ್ 1. ಎಲ್ಲಾ ಒಂದೇ ಜೀನಿಂದ ಬಂದಿದ್ದಾ ಮೇಡಂ?

ಉತ್ತರ: (ಉತ್ತರ ಬರೀತಾ ಇರೋದು ಮೇಡಂ ಅಲ್ಲ, ಸರ್ರು, ಪರವಾಗಿಲ್ಲ.) ಒಂದೇ ಜೀನಿಂದ ಅಂತ ಹೇಳಕ್ಕಾಗಲ್ಲ, ಆದ್ರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಪಿಟಿಪಿಎನ್22ರ ಇದೇ ಬದಲಾವಣೆ ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಗ್ರೇವ್ಸ್, ತೊನ್ನು ಇವುಗಳ ಜೊತೆಗೂ ಕಾಣಿಸಿಕೊಂಡಿದೆ. ಹಾಗಾಗಿ ಒಂದೇ ಮನೇಲಿ ಬೇರೆಬೇರೆ ಆಟೋಇಮ್ಯೂನ್ ಕಾಯಿಲೆ ಇರೋದು ಡಾಕ್ಟ್ರುಗಳಿಗೆ ಆಶ್ಚರ್ಯದ ವಿಷಯ ಅಲ್ಲ, ಟೈಪ್ 1 ಇರೋ ಮಕ್ಕಳಿಗೆ ಆಗಾಗ ಥೈರಾಯ್ಡ್ ಮತ್ತು ಸೀಲಿಯಾಕ್ (ಗೋಧಿಯ ಗ್ಲೂಟೆನ್ ಆಗದ ಕರುಳಿನ ಕಾಯಿಲೆ) ಟೆಸ್ಟ್ ಮಾಡಿಸಿ ಅನ್ನೋದು ಇದೇ ಕಾರಣಕ್ಕೆ. ಅಣ್ಣನ ಮಗನಿಗೆ ಮಾಡಿಸಿದಾರಾ ಅಂತ ಒಂದು ಮಾತು ಕೇಳಿ.

ಇನ್ನೊಂದು ಕುತೂಹಲದ ಸಂಗತಿ. ಕರುಳಿನ ಕ್ರೋನ್ಸ್ ಕಾಯಿಲೆ ವಿಷಯದಲ್ಲಿ ಇದೇ ಬದಲಾವಣೆ ಉಲ್ಟಾ, ಅದು ಇರೋರಿಗೆ ಕ್ರೋನ್ಸ್ ಬರೋ ಸಾಧ್ಯತೆ ಸ್ವಲ್ಪ ಕಮ್ಮಿ. ಮಲ್ಟಿಪಲ್ ಸ್ಕ್ಲಿರೋಸಿಸ್ಸಿಗೆ ನಂಟೇ ಕಂಡಿಲ್ಲ. ಹಾಗಾಗಿ ಇದನ್ನ ‘ಕೆಟ್ಟ ಜೀನು’ ಅಂತ ಕರೆಯೋದು ನಂಗೆ ಸರಿ ಕಾಣಲ್ಲ.

ಪ್ರಶ್ನೆ: ಈ ಬದಲಾವಣೆ ಏಷ್ಯಾದ ಜನರಲ್ಲಿ ಇಲ್ಲ ಅಂತ ಓದಿದೆ. ಹಾಗಾದ್ರೆ ನಮಗೆ ಟೈಪ್ 1 ಭಯ ಇಲ್ಲ ತಾನೆ?

ಉತ್ತರ: ಇದೆ ರೀ, ಹಾಗೆ ಅಂದ್ಕೋಬೇಡಿ. ಆ ಒಂದು ಬದಲಾವಣೆ ಏಷ್ಯಾ ಮತ್ತು ಆಫ್ರಿಕಾ ಜನರಲ್ಲಿ ಬಹಳ ಅಪರೂಪ ಅನ್ನೋದು ನಿಜ, ಜಪಾನಲ್ಲಿ ಹೆಚ್ಚುಕಮ್ಮಿ ಇಲ್ವೇ ಇಲ್ಲ. ಯುರೋಪಿನ ಒಳಗೂ ಉತ್ತರದಲ್ಲಿ ಜಾಸ್ತಿ, ದಕ್ಷಿಣಕ್ಕೆ ಬಂದ ಹಾಗೆ ಕಮ್ಮಿ. ಆದ್ರೆ ಟೈಪ್ 1 ಮಾತ್ರ ಎಲ್ಲಾ ಕಡೆ ಇದೆ, ಜಪಾನಲ್ಲೂ ಇದೆ. ಯಾಕಂದ್ರೆ ಆನುವಂಶಿಕ ಅಪಾಯದಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಇರೋದು ಆರನೇ ಕ್ರೋಮೋಸೋಮಿನ ಎಚ್‌ಎಲ್‌ಎ ಜೀನುಗಳದ್ದು (ಟಿ ಕೋಶಗಳಿಗೆ ಪ್ರೋಟೀನ್ ತುಣುಕುಗಳನ್ನ ತೋರಿಸೋ ಜೀನುಗಳು), ಅದ್ರ ಮುಂದೆ ಪಿಟಿಪಿಎನ್22 ಚಿಕ್ಕದೇ. ಅದಲ್ದೆ ಇನ್ಸುಲಿನ್ ಜೀನಿನ ಪಕ್ಕದ ಬದಲಾವಣೆ, ಸಿಟಿಎಲ್‌ಎ4, ಐಎಲ್2ಆರ್‌ಎ, ಐಎಫ್‌ಐಎಚ್1 ಹೀಗೆ 60ಕ್ಕಿಂತ ಜಾಸ್ತಿ ಜಾಗಗಳು ಗೊತ್ತಾಗಿವೆ. ಇನ್ನೊಂದು ಬೇಸರ ಹೇಳಿಬಿಡ್ತೀನಿ, ಇಂಥ ಅಧ್ಯಯನಗಳಲ್ಲಿ ರಕ್ತ ಕೊಟ್ಟಿರೋರು ಬಹುಪಾಲು ಯುರೋಪ್ ಮೂಲದವ್ರೇ, ಹಾಗಾಗಿ ಅಲ್ಲಿ ಲೆಕ್ಕ ಹಾಕಿದ ಜೀನ್ ಸ್ಕೋರನ್ನ, ಅಂದ್ರೆ ಹಲವು ಜೀನು ಸೇರಿಸಿ ಅಪಾಯಕ್ಕೆ ಕೊಡೋ ಅಂಕವನ್ನ, ತಂದು ಬೇರೆ ಜನರ ಮೇಲೆ ಹಾಗ್ಹಾಗೇ ಹೊರಿಸಿದ್ರೆ ಲೆಕ್ಕ ತಪ್ಪತ್ತೆ. ಎಲ್ಲಾ ಜನರ ಮಕ್ಕಳನ್ನೂ ಸೇರಿಸಿಕೊಂಡು ಅಧ್ಯಯನ ಆಗಬೇಕು, ಇದು ಬೇಗ ಆಗಬೇಕು.

ಪ್ರಶ್ನೆ: ಅಮ್ಮನಿಗೆ 60 ವರ್ಷ, ಶುಗರ್‌ಗೆ ಮಾತ್ರೆ ತಗೋತಾರೆ. ಅವ್ರಿಗೂ ಈ ಜೀನ್ ಟೆಸ್ಟ್ ಬೇಕಾ?

ಉತ್ತರ: ಬೇಡ. ಆ ವಯಸ್ಸಲ್ಲಿ ಶುರುವಾಗಿ ಮಾತ್ರೆಗೇ ಹಿಡಿತಕ್ಕೆ ಬರ್ತಾ ಇದ್ರೆ ಅದು ಸಾಮಾನ್ಯವಾಗಿ ಟೈಪ್ 2, ಅದಕ್ಕೂ ಈ ಜೀನಿಗೂ ಸಂಬಂಧ ಇಲ್ಲ. ಮಾತ್ರೆ ತಗೊಂಡ್ರೂ ಸಣ್ಣ ಆಗ್ತಾನೇ ಹೋಗ್ತಿದ್ರೆ, ಬೇಗ ಇನ್ಸುಲಿನ್ನೇ ಬೇಕಾಗ್ತಿದ್ರೆ ಆಗ ಜೀನ್ ಟೆಸ್ಟ್ ಅಲ್ಲ, ಗ್ಯಾಡ್ ಆಂಟಿಬಾಡಿ ಟೆಸ್ಟ್ (ಬೀಟಾ ಕೋಶದ ಒಂದು ಪ್ರೋಟೀನಿನ ವಿರುದ್ಧ ಮೈ ಪ್ರತಿಕಾಯ ಮಾಡಿದೆಯಾ ಅಂತ ನೋಡೋ ರಕ್ತ ಪರೀಕ್ಷೆ) ಬಗ್ಗೆ ಡಾಕ್ಟ್ರ ಹತ್ರ ಕೇಳಿ, ದೊಡ್ಡವ್ರಲ್ಲೂ ನಿಧಾನವಾಗಿ ಬರೋ ಆಟೋಇಮ್ಯೂನ್ ಡಯಾಬಿಟಿಸ್ ಇದೆ.

ಪ್ರಶ್ನೆ: ಯಾವ ಎನ್‌ಜೈಮು ಅಂತ ಗೊತ್ತಾಗಿದೆಯಲ್ಲ, ಅದನ್ನ ತಡೆಯೋ ಔಷಧಿ ಕೊಟ್ರೆ ಟೈಪ್ 1 ಬರದೇ ಇರೋ ಹಾಗೆ ಮಾಡಬಹುದಲ್ವಾ?

ಉತ್ತರ: ಅಷ್ಟು ಸುಲಭ ಅಲ್ಲ. ಮೇಲೆ ವಿದ್ಯಾರ್ಥಿಗೆ ಕೊಟ್ಟ ಉತ್ತರ ಓದಿ, ಅದು ಜಾಸ್ತಿ ಆಗಿದ್ಯೋ ಕಮ್ಮಿ ಆಗಿದ್ಯೋ ಅನ್ನೋದೇ ಕೋಶದಿಂದ ಕೋಶಕ್ಕೆ ಬೇರೆ ಇರುವಾಗ ತಡೀಬೇಕೋ ಚುರುಕು ಮಾಡಬೇಕೋ ಅಂತ ತೀರ್ಮಾನ ಮಾಡೋದು ಹೇಗೆ? ಪಿಟಿಪಿಎನ್22 ತಡೆಯೋ ರಾಸಾಯನಿಕಗಳನ್ನ ಈಗ ಕ್ಯಾನ್ಸರ್ ಕಡೆಯೋರು ಇಲಿಗಳಲ್ಲಿ ನೋಡ್ತಾ ಇದಾರೆ, ಗೆಡ್ಡೆ ವಿರುದ್ಧ ಟಿ ಕೋಶಗಳು ಜೋರಾಗಲಿ ಅಂತ. ಅದು ನಮಗೆ ಬೇಕಾದ್ದಕ್ಕೆ ಉಲ್ಟಾ.

ಆದ್ರೆ ಅದೇ ಸಂಕೇತದ ದಾರೀಲಿ ಬೇರೆ ಕಡೆ ಕೈ ಹಾಕಿದ್ದು ಫಲ ಕೊಟ್ಟಿದೆ, ಇದನ್ನ ಖುಷಿಯಿಂದ ಹೇಳ್ತೀನಿ. ಟಿ ಕೋಶದ ರಿಸೆಪ್ಟರ್ ಜೊತೆ ಸಿಡಿ3 ಅಂತ ಒಂದು ಪ್ರೋಟೀನ್ ಇರತ್ತೆ, ಎಲ್‌ಸಿಕೆ ಮೊದಲ ಫಾಸ್ಫೇಟ್ ಅಂಟಿಸೋದೇ ಅಲ್ಲಿ. ಟೆಪ್ಲಿಝುಮಾಬ್ ಅನ್ನೋ ಔಷಧಿ ಹಿಡಿಯೋದು ಆ ಸಿಡಿ3ಯನ್ನ. ಇನ್ನೂ ಕಾಯಿಲೆ ಹೊರಗೆ ಕಾಣದ, ಆದ್ರೆ ರಕ್ತದಲ್ಲಿ ಆಂಟಿಬಾಡಿ ಬಂದು ಸಕ್ಕರೆ ಸ್ವಲ್ಪ ಏರುಪೇರಾಗ್ತಾ ಇರೋ ರೋಗಿಗಳ ಸಂಬಂಧಿಕರಿಗೆ 14 ದಿನ ನರಕ್ಕೆ ಕೊಟ್ಟು ನೋಡಿದ್ರು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಔಷಧಿ ಇಲ್ಲದ ಗುಂಪಿಗೆ ಕಾಯಿಲೆ ಕಾಣಿಸಿಕೊಳ್ಳೋಕೆ ಸುಮಾರು 24 ತಿಂಗಳಾದ್ರೆ ಔಷಧಿ ಸಿಕ್ಕಿದ ಗುಂಪಿಗೆ ಸುಮಾರು 48 ತಿಂಗಳು ಹಿಡೀತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ನವೆಂಬರಲ್ಲಿ ಎಂಟು ವರ್ಷ ಮೇಲ್ಪಟ್ಟವ್ರಿಗೆ ಇದಕ್ಕೆ ಒಪ್ಪಿಗೆ ಕೊಡ್ತು. ಮುಂದೂಡಿದ್ದು ಅಷ್ಟೇ, ಪೂರ್ತಿ ನಿಲ್ಲಿಸಿದ್ದಲ್ಲ, ಆದ್ರೂ ಒಂದು ಮಗುವಿಗೆ ಸೂಜಿ ಇಲ್ಲದ ಎರಡು ವರ್ಷ ಅಂದ್ರೆ ಏನು ಅಂತ ಈ ಕಾಯಿಲೆ ಜೊತೆ ಬದುಕೋ ಅಪ್ಪ ಅಮ್ಮಂದಿರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಬ್ಯಾರಿಸಿಟಿನಿಬ್, ಇದು ಮಾತ್ರೆ, ಜಾಕ್ ಅನ್ನೋ ಸಂಕೇತದ ಎನ್‌ಜೈಮುಗಳನ್ನ ತಡೆಯತ್ತೆ. ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಟೈಪ್ 1 ಬಂದವ್ರಿಗೆ 48 ವಾರ ಕೊಟ್ಟಾಗ ಅವ್ರ ಸ್ವಂತ ಇನ್ಸುಲಿನ್ ತಯಾರಿ ಚೆನ್ನಾಗಿ ಉಳೀತು ಅಂತ 2023ರಲ್ಲಿ ಪ್ರಕಟ ಆಯ್ತು. ಹಾಗಂತ ಇನ್ಸುಲಿನ್ ಬಿಡೋ ಹಾಗಾಗಿಲ್ಲ, ಯಾರೂ ಇದನ್ನ ಓದಿ ಇನ್ಸುಲಿನ್ ನಿಲ್ಲಿಸೋ ಯೋಚನೆ ಮಾಡಲೇಬೇಡಿ, ಟೈಪ್ 1ರಲ್ಲಿ ಅದು ಜೀವಕ್ಕೇ ಅಪಾಯ. ಜಾಕ್ ಕುಟುಂಬದ್ದೇ ಟಿವೈಕೆ2 ಅಂತ ಇನ್ನೊಂದು ಎನ್‌ಜೈಮಿದೆ, ಅದನ್ನ ಮಂದ ಮಾಡೋ ಒಂದು ಜೀನ್ ಬದಲಾವಣೆ ಟೈಪ್ 1 ಸೇರಿ ಹಲವು ಆಟೋಇಮ್ಯೂನ್ ಕಾಯಿಲೆಗಳಿಂದ ರಕ್ಷಣೆ ಕೊಡತ್ತೆ, ಆದ್ರೆ ಎರಡು ಪ್ರತಿ ಇದ್ದೋರಿಗೆ ಟಿಬಿ ಅಪಾಯ ಜಾಸ್ತಿ. ದಾಳಿ ಮಾಡೋ ಶಕ್ತಿ ತಗ್ಗಿಸಿದ್ರೆ ಸೋಂಕಿನ ಎದುರು ಅಷ್ಟು ಬೆಲೆ ತೆರಬೇಕು, ಇಂಥ ಔಷಧಿಗಳಲ್ಲಿ ಡಾಕ್ಟ್ರುಗಳು ಹುಷಾರಾಗಿ ಇರೋದು ಅದಕ್ಕೇ.

ಪ್ರಶ್ನೆ: ದೊಡ್ಡ ಮಗನಿಗೆ ಟೈಪ್ 1 ಇದೆ. ಚಿಕ್ಕವಳಿಗೆ ನಾಲ್ಕು ವರ್ಷ. ಅವಳಿಗೆ ಪಿಟಿಪಿಎನ್22 ಟೆಸ್ಟ್ ಮಾಡಿಸ್ಲಾ? ರಾತ್ರಿ ನಿದ್ದೆ ಬರಲ್ಲ ಡಾಕ್ಟ್ರೇ.

ಉತ್ತರ: ನಿಮ್ಮ ಭಯ ಅರ್ಥ ಆಗತ್ತೆ. ಆ ಜೀನ್ ಟೆಸ್ಟ್ ಮಾಡಿಸಬೇಡಿ, ಅದ್ರಿಂದ ನಿಮಗೆ ಉಪಯೋಗಕ್ಕೆ ಬರೋ ಉತ್ತರ ಸಿಗಲ್ಲ, ಇದೆ ಅಂತ ಬಂದ್ರೆ ಚಿಂತೆ ಹೆಚ್ಚಾಗತ್ತೆ, ಇಲ್ಲ ಅಂತ ಬಂದ್ರೆ ಸುಳ್ಳು ಧೈರ್ಯ ಬರತ್ತೆ. ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಒಬ್ಬರಿಗಿದ್ರೆ ಇನ್ನೊಬ್ಬರಿಗೆ ಬರೋ ಸಾಧ್ಯತೆ ನೂರಕ್ಕೆ ಸುಮಾರು ಐದಾರು, ಅಂದ್ರೆ ಬರದೇ ಇರೋ ಸಾಧ್ಯತೇನೇ ತುಂಬಾ ಜಾಸ್ತಿ.

ನಿಜವಾಗ್ಲೂ ಉಪಯೋಗ ಇರೋದು ಆಂಟಿಬಾಡಿ ಟೆಸ್ಟು. ಇನ್ಸುಲಿನ್, ಗ್ಯಾಡ್, ಐಎ-2, ಝಿಂಕ್ ಟ್ರಾನ್ಸ್‌ಪೋರ್ಟರ್ 8, ಈ ನಾಲ್ಕರ ವಿರುದ್ಧ ಆಂಟಿಬಾಡಿ ಇದೆಯಾ ಅಂತ ರಕ್ತದಲ್ಲಿ ನೋಡ್ತಾರೆ, ಮಕ್ಕಳ ಡಯಾಬಿಟಿಸ್ ಡಾಕ್ಟ್ರ ಹತ್ರ ಕೇಳಿ. ಒಂದೇ ಇದ್ರೆ ಹೆಚ್ಚಿನ ಮಕ್ಕಳಿಗೆ ಮುಂದಿನ ಹತ್ತು ವರ್ಷದಲ್ಲಿ ಕಾಯಿಲೆ ಬರಲ್ಲ. ಎರಡು ಅಥವಾ ಜಾಸ್ತಿ ಇದ್ರೆ ಹತ್ತು ವರ್ಷದಲ್ಲಿ ನೂರಕ್ಕೆ ಸುಮಾರು 70 ಮಕ್ಕಳಿಗೆ ಬರತ್ತೆ ಅಂತ 2013ರ ದೊಡ್ಡ ಅಧ್ಯಯನ ತೋರಿಸಿದೆ, ಹಾಗಾಗಿ ಎರಡಿದ್ರೆ ಸಕ್ಕರೆ ಮಾಮೂಲಾಗಿದ್ರೂ ಅದನ್ನ ಕಾಯಿಲೆಯ ಮೊದಲನೇ ಹಂತ ಅಂತಾನೇ ಲೆಕ್ಕ ಹಿಡೀತಾರೆ. ಮುಂಚೆನೇ ಗೊತ್ತಿದ್ದ ಮಕ್ಕಳು ಕೀಟೋಆಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರೋದು) ಆಗಿ ಐಸಿಯುಗೆ ಬರೋದು ತುಂಬಾ ಕಮ್ಮಿ, ಟೆಸ್ಟಿನ ದೊಡ್ಡ ಲಾಭ ಅದೇ.

ಟೆಸ್ಟ್ ಮಾಡಿಸಿದ್ರೂ ಮಾಡಿಸದಿದ್ರೂ ಇದನ್ನ ಮನೇಲಿ ಎಲ್ಲರಿಗೂ, ಅವಳ ಟೀಚರಿಗೂ ಹೇಳಿಡಿ: ಮಗು ವಿಪರೀತ ನೀರು ಕುಡೀತಾ ಇದ್ರೆ, ಪದೇ ಪದೇ ಮೂತ್ರ, ಹಾಸಿಗೆ ಒದ್ದೆ ಮಾಡೋದು ನಿಂತಿದ್ದ ಮಗು ಮತ್ತೆ ಶುರು ಮಾಡಿದ್ರೆ, ಚೆನ್ನಾಗಿ ತಿಂದ್ರೂ ಸಣ್ಣ ಆಗ್ತಿದ್ರೆ ಅವತ್ತೇ ಬೆರಳಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿ, ಮೀಟರ್ ಹೇಗೂ ನಿಮ್ಮ ಮನೇಲೇ ಇದೆ. ವಾಂತಿ, ಹೊಟ್ಟೆ ನೋವು, ಜೋರು ಜೋರಾಗಿ ಆಳವಾದ ಉಸಿರು, ಬಾಯಲ್ಲಿ ಹಣ್ಣು ಕೊಳೆತ ಥರ ವಾಸನೆ, ಮಂಪರು ಇದ್ರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರಕೊಂಡು ಹೋಗಿ, ‘ಇವಳ ಅಣ್ಣನಿಗೆ ಟೈಪ್ 1 ಇದೆ’ ಅಂತ ಬಾಗಿಲಲ್ಲೇ ಹೇಳಿ.